ಅಟ್ಟದ ಮೇಲೆ ಟ್ಯೂಬು, ಮಂಚದ ಕೆಳಗೆ ಆಕ್ಸಲ್ಲು

ನಮ್ಮ ಮನೆಗೆ ಹೊಸಬರು ಯಾರಾದರೂ ಬಂದು ನಡುಮನೆಯ ಮಂಚದ ಮೇಲೆ ಕೂತರೆ, ಅವರ ಹಿಮ್ಮಡಿಗೆ ಮೊದಲು ತಾಗುತ್ತಿದ್ದದ್ದು ಜೀಪಿನ ಆಕ್ಸಲ್ಲು. ಅಪ್ಪ ಅದಕ್ಕೆ ಗ್ರೀಸು ಬಳಿದು, ಗೋಣಿಚೀಲ ಸುತ್ತಿ, ಎಳೆಗೂಸನ್ನು ಮಲಗಿಸಿದಷ್ಟು ಜೋಪಾನವಾಗಿ ಅಲ್ಲಿ ಮಲಗಿಸಿದ್ದರು. ಬಂದವರು ಏನಿದು ಎಂದು ಬಗ್ಗಿ ನೋಡುವಷ್ಟರಲ್ಲಿ ಅಜ್ಜಿ ಒಳಗಿನಿಂದಲೇ, "ಅದು ನನ್ ಮಗನ ಆಸ್ತಿ ಕಣ್ರಪ್ಪ, ಕಾಲು ಸ್ವಲ್ಪ ಮೇಲಿಟ್ಕಳಿ" ಅನ್ನುತ್ತಿದ್ದಳು. ಅರಸೀಕೆರೆಯ ಸುಮಾರು ಮನೆಗಳ ಹಾಗೆ ನಮ್ಮ ಅಟ್ಟದ ಮೇಲೂ ಕೊಬ್ಬರಿಯಾಗಲೆಂದು ಹಾಕಿದ ತೆಂಗಿನಕಾಯಿ ವರ್ಷಪೂರ್ತಿ ಇರುತ್ತಿತ್ತು. ಬೇರೆಯವರ ಅಟ್ಟದಲ್ಲಿ ಇಲ್ಲದ್ದೆಂದರೆ ಆ ಕಾಯಿಗಳ ಪಕ್ಕದಲ್ಲಿ ಮಡಿಸಿಟ್ಟ ಟ್ಯೂಬುಗಳು. ಅಡುಗೆಮನೆಯಲ್ಲಿ ಸೌಟಿನ ಪಕ್ಕದ ಮೊಳೆಗೆ ಫ್ಯಾನ್ ಬೆಲ್ಟು ನೇತಾಡುತ್ತಿತ್ತು. ತೇವ ತಾಗಬಾರದೆಂದು ಹೊಸ ಪ್ಲಗ್ಗುಗಳನ್ನು ದೇವರ ಗೂಡಿನಲ್ಲಿ ವೆಂಕಟರಮಣನ ಪಟದ ಹಿಂದೆ ಇಟ್ಟಿದ್ದರು. ಬೇಸಿಗೆಯಲ್ಲಿ ಶಾಲೆಯಿಂದ ಬಂದು ಹೊಸಿಲು ದಾಟಿದರೆ ಕೊಬ್ಬರಿಯ ಎಣ್ಣೆಗಂಪು ಮತ್ತು ರಬ್ಬರಿನ ವಾಸನೆ ಎರಡೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಇವತ್ತಿಗೂ ಪಂಚರ್ ಅಂಗಡಿಯ ಮುಂದೆ ಹಾದುಹೋದರೆ ನನಗೆ ಹಸಿವಾಗುತ್ತದೆ. ನಗುವವರು ನಗಲಿ.

ಅಪ್ಪನ ಜೀಪು ಯಾವುದೋ ಸರ್ಕಾರಿ ಇಲಾಖೆಯವರು ಹರಾಜು ಹಾಕಿದ ಹಳೆಯ ಗಾಡಿ. ಬಸ್ಸು ಹೋಗದ, ಆಟೋದವರು ಕೈಯಾಡಿಸಿ ಬಿಡುವ ದಾರಿಗಳೇ ಅದರ ಅನ್ನ. ಮಾಲೇಕಲ್ಲಿನ ಬೆಟ್ಟದ ಹಿಂದಿನ ತೋಟಗಳಿಗೆ ಕೊಬ್ಬರಿ ವ್ಯಾಪಾರದವರು, ಬಾಣಾವರದ ಕಡೆಯ ಒಳಹಳ್ಳಿಗಳಿಗೆ ದನದ ಡಾಕ್ಟರು, ಕಲ್ಲುಗುಡ್ಡ ಅಳೆಯುವ ಸರ್ವೆಯವರು, ಹೀಗೆ ಯಾರಿಗೆ ದಾರಿ ಇರಲಿಲ್ಲವೋ ಅವರೆಲ್ಲ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಎಲ್ಲ ಗಾಡಿಗೂ ಒಂದು ಸ್ಟೆಪ್ನಿ ಇದ್ದರೆ ಅಪ್ಪನ ಗಾಡಿಗೆ ಎರಡು. ಒಂದು ಹಿಂದೆ, ಇನ್ನೊಂದು ಎಡಪಕ್ಕಕ್ಕೆ. ಅದಕ್ಕೇ ಊರಿನಲ್ಲಿ ಅವರಿಗೆ ಜೋಡಿ ಸ್ಟೆಪ್ನಿ ರಂಗಣ್ಣ ಎಂದು ಹೆಸರು. ಸ್ಟೆಪ್ನಿ ಮಾತ್ರವಲ್ಲ, ಅವರ ಹತ್ತಿರ ಎಲ್ಲವೂ ಜೋಡಿ. ಜಾಕಿ ಎರಡು, ಟಾರ್ಚು ಎರಡು, ಕನ್ನಡಕ ಎರಡು. ಹೊಸ ಚಪ್ಪಲಿ ಕೊಂಡರೆ ಹಳೆಯ ಜೊತೆ ಸೀಟಿನ ಕೆಳಗೆ ಸೇರುತ್ತಿತ್ತು. ಬುತ್ತಿಗೆ ಅಮ್ಮ ಎರಡು ರೊಟ್ಟಿ ಕಟ್ಟಿದರೆ, "ಇನ್ನೆರಡು ಹಾಕು, ಎಲ್ಲಾರ ಕೆಟ್ಟು ನಿಂತರೆ?" ಎನ್ನುತ್ತಿದ್ದರು. ಗಾಡಿ ಕೆಟ್ಟು ನಿಲ್ಲುತ್ತಿದ್ದದ್ದು ಅಪರೂಪ. ಆ ನಾಲ್ಕು ರೊಟ್ಟಿಯೂ ದಾರಿಯಲ್ಲೇ ಖಾಲಿಯಾಗುತ್ತಿದ್ದದ್ದು ಮಾತ್ರ ದಿನನಿತ್ಯದ ಮಾತು.

ಈ ಹುಚ್ಚಿಗೆ ಒಂದು ಕಾರಣವಿತ್ತು. ಅದನ್ನು ಅಪ್ಪ ಯಾವತ್ತೂ ಹೇಳುತ್ತಿರಲಿಲ್ಲ, ಅಜ್ಜಿ ಯಾವತ್ತೂ ಬಿಡುತ್ತಿರಲಿಲ್ಲ. ಮದುವೆಗೆ ಮುಂಚೆ ಅಪ್ಪ ಬೇರೆ ಸಾಹುಕಾರರ ಜೀಪು ಓಡಿಸುತ್ತಿದ್ದರಂತೆ. ಜಾವಗಲ್ಲಿನ ಆಚೆಗೆ ಮದುವೆ ಗಂಡನ್ನು ಕರೆದುಕೊಂಡು ಹೋಗುವಾಗ ಹೊಲದ ನಡುವೆ ಫ್ಯಾನ್ ಬೆಲ್ಟು ಕಿತ್ತುಹೋಯಿತು. ಇನ್ನೊಂದು ಬೆಲ್ಟು ಇಟ್ಟುಕೊಂಡಿರಲಿಲ್ಲ. ಕೊನೆಗೆ ಗಂಡು ಹಾಲಿನವನ ಸೈಕಲ್ಲಿನ ಕ್ಯಾರಿಯರ್ ಮೇಲೆ, ಒಂದು ಕೈಯಲ್ಲಿ ಬಾಸಿಂಗ ಇನ್ನೊಂದರಲ್ಲಿ ಹಾಲಿನ ಕ್ಯಾನು ಹಿಡಿದುಕೊಂಡು ಚಪ್ಪರ ಸೇರಿದ. ಹೆಣ್ಣಿನ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಪ್ಪ ಆ ಮದುವೆಯ ಊಟ ಮಾಡದೆ ನಡೆದುಕೊಂಡು ಹಿಂದಿರುಗಿದರು. ತನ್ನನ್ನು ನಂಬಿ ಗಾಡಿ ಹತ್ತಿದವರನ್ನು ನಡುದಾರಿಯಲ್ಲಿ ಇಳಿಸುವುದಕ್ಕಿಂತ ದೊಡ್ಡ ಅವಮಾನ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಈಗ ಥಳಥಳ ಹೊಳೆಯುವ ಕಾರು ಕೊಂಡು, ಡಿಕ್ಕಿಯಲ್ಲಿರುವ ಸ್ಟೆಪ್ನಿಗೆ ಗಾಳಿ ಇದೆಯೋ ಇಲ್ಲವೋ ನೋಡದೆ ಹಾಸನಕ್ಕೂ ಮಂಗಳೂರಿಗೂ ಹೊರಡುವವರನ್ನು ಕಂಡರೆ ನನಗೆ ಮೈ ಉರಿಯುವುದು ಅಪ್ಪನಿಂದ ಬಂದ ಬಳುವಳಿ.

ಅಮ್ಮನಿಗೆ ಮಾತ್ರ ಈ ಸಾಮಾನಿನ ರಾಶಿಯ ಜೊತೆ ದಿನಾ ಜಗಳ. ಬಾಣಾವರದ ಹತ್ತಿರದ ತೋಟದ ಮನೆಯಲ್ಲಿ ಬೆಳೆದವಳು. ಹೆಸರು ಗಿರಿಜ. ಕುಳ್ಳಗಿದ್ದಳು, ಕೈ ಗಟ್ಟಿ. ಗೂಟದ ಮೇಲೆ ತೆಂಗಿನಕಾಯಿ ಸುಲಿಯಲು ನಿಂತರೆ ಗಂಡಸರು ಪಕ್ಕಕ್ಕೆ ಸರಿಯುತ್ತಿದ್ದರು. ಟ್ಯೂಬುಗಳು ಒಂದಕ್ಕೊಂದು ಅಂಟಿಕೊಳ್ಳಬಾರದೆಂದು ಅಪ್ಪ ಆಗಾಗ ಅವಕ್ಕೆ ಪುಡಿ ಹಚ್ಚುತ್ತಿದ್ದರು. ಒಂದು ಸಲ ಅಂಗಡಿಯ ಪುಡಿ ಮುಗಿದಿದ್ದರಿಂದ ಅಮ್ಮನ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯನ್ನು ಪೂರ್ತಿ ಸುರಿದುಬಿಟ್ಟರು. ಅವತ್ತು ಅಮ್ಮ ನಾಮಕರಣಕ್ಕೆ ಹೊರಟಿದ್ದಳು, ತಲೆ ಬಾಚಿ ಹೂವೂ ಮುಡಿದಾಗಿತ್ತು. ಖಾಲಿ ಡಬ್ಬಿಯನ್ನು ತಿರುವಿ ತಿರುವಿ ನೋಡಿ, ಏಣಿ ಹಾಕಿಕೊಂಡು ಅಟ್ಟ ಹತ್ತಿದಳು. ಮಲ್ಲಿಗೆಯ ವಾಸನೆ ಹೊಡೆಯುತ್ತಿದ್ದ ಒಂದು ಟ್ಯೂಬನ್ನು ಕೆಳಗಿಳಿಸಿ ಅಪ್ಪನ ಮುಂದೆ ಹಾಕಿದಳು.

"ಇದನ್ನೇ ಕರ್ಕಂಡು ಹೋಗಿ ನಾಮಕರಣಕ್ಕೆ. ನನಗಿಂತ ಚೆನ್ನಾಗಿ ಸಿಂಗಾರ ಆಗೈತೆ."

ಅಪ್ಪ ಟ್ಯೂಬನ್ನು ಮತ್ತೆ ಅಟ್ಟಕ್ಕೇರಿಸಿದರು. ಮಾರನೆಯ ದಿನ ಎರಡು ಡಬ್ಬಿ ಪೌಡರು ತಂದುಕೊಟ್ಟರು. ಒಂದು ಹಚ್ಚಿಕೊಳ್ಳಲು, ಒಂದು ಮುಗಿದಾಗ ಇರಲಿ ಎಂದು. ಅಮ್ಮ ನಕ್ಕುಬಿಟ್ಟಳು. ಇಂಥವರ ಜೊತೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ?

ಜಗಳವಾಡುತ್ತಾಳೆ ಎಂದರೂ ಸಾಮಾನು ಎಲ್ಲೆಲ್ಲಿದೆ ಎಂಬುದು ಅಪ್ಪನಿಗಿಂತ ಅಮ್ಮನಿಗೇ ಚೆನ್ನಾಗಿ ಗೊತ್ತಿತ್ತು. ದೂರದ ಬಾಡಿಗೆಗೆ ಹೊರಡುವ ಹಿಂದಿನ ಸಂಜೆ ಎಲ್ಲವನ್ನೂ ಒರೆಸಿ, ನೋಡಿ, ಗಾಡಿಗೆ ತುಂಬುತ್ತಿದ್ದವಳು ಅವಳೇ. ಬೆಳಿಗ್ಗೆ ಅಪ್ಪ ಜೀಪಿನ ಹಿಂದೆ ನಿಂತು ಒಂದೊಂದಾಗಿ ಕೂಗುವುದು, ಅಮ್ಮ ಹೊಸಿಲ ಮೇಲೆ ನಿಂತು ಉತ್ತರ ಕೊಡುವುದು ನಮ್ಮ ಮನೆಯ ಪದ್ಧತಿ. ಅಕ್ಕಪಕ್ಕದವರಿಗೆ ಅದು ಸುಪ್ರಭಾತ.

"ಬೆಲ್ಟು?"

"ಐತೆ."

"ರೇಡಿಯೇಟರ್ ಪೈಪು?"

"ಐತೆ. ಹೊಸದು."

"ಎರಡೂ ಸ್ಟೆಪ್ನಿಗೆ ಗಾಳಿ?"

"ಐತೆ ಅಂದ್ನಲ್ಲ. ಹೊರಡಿ, ಹೊತ್ತಾಯ್ತು."

ನಾನು ಹೈಸ್ಕೂಲು ಸೇರಿದ ವರ್ಷ ಇರಬೇಕು, ಒಂದು ಬೆಳಿಗ್ಗೆ ಹೀಗೆ ಎಲ್ಲ ಕೇಳಿ ಮುಗಿದು ಅಪ್ಪ ಇನ್ನೇನು ಹತ್ತಬೇಕು, ಅಮ್ಮ ಹೊಸಿಲಿನಿಂದ ಇಳಿಯದೆ ತಾನೇ ಒಂದು ಪ್ರಶ್ನೆ ಕೇಳಿದಳು.

"ಇನ್ನೊಬ್ಬ ಡ್ರೈವರು?"

"ಏನಂದೆ?"

"ಎಲ್ಲಾನೂ ಎರಡೆರಡು ಮಡಿಕಂಡಿದೀರ. ಡ್ರೈವರು ಒಬ್ಬರೇ. ನಿಮಗೆ ಜ್ವರ ಬಂದ್ರೆ, ಕಣ್ಣಿಗೆ ಕಸ ಬಿದ್ರೆ, ಗಾಡಿ ಹೊಡೆಯೋರು ಯಾರು? ನಂಗೆ ಕಲ್ಸಿಕೊಡಿ."

ಅಮ್ಮನಿಗೆ ಜೀಪು ಓಡಿಸುವ ಆಸೆ ಇತ್ತು ಎಂಬುದು ನನಗೆ ಮೊದಲೇ ಗೊತ್ತಿತ್ತು. ದಿನಾ ಬೆಳಿಗ್ಗೆ ಗಾಡಿ ತೊಳೆಯುವಾಗ ಅವಳು ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಒರೆಸುತ್ತಿದ್ದ ಹೊತ್ತು, ಮಿಕ್ಕ ಇಡೀ ಗಾಡಿ ತೊಳೆಯುವ ಹೊತ್ತಿಗಿಂತ ಜಾಸ್ತಿ. ಅಪ್ಪ ಸಂತೆಗೆ ಹೋದಾಗ ಅಂಗಳದ ತೆಂಗಿನಮರದ ಬುಡದಿಂದ ಗೇಟಿನವರೆಗೆ ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ಜರುಗಿಸುತ್ತಿದ್ದಳು. ಅಜ್ಜಿಗೆ ಕಾಣಿಸಿದರೆ, ನೆರಳಿಗೆ ಹಾಕಿದೆ ಅತ್ತೆ, ಎನ್ನುತ್ತಿದ್ದಳು. ಬಾಯಿಬಿಟ್ಟು ಕೇಳಿದ್ದು ಮಾತ್ರ ಅವತ್ತೇ ಮೊದಲು. ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಸೊಸೆ ಜೀಪು ಹೊಡ್ಕಂಡು ಹೋದ್ರೆ ಊರೋರು ಬಾಯಲ್ಲಿ ನಗಾಕಿಲ್ಲ ಕಣೇ" ಅಂದಳು. ಅಪ್ಪ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಕಷ್ಟವೇ ಬೇರೆಯಾಗಿತ್ತು.

"ನೋಡು, ಗಾಡಿಗೆ ಏನಾದ್ರೂ ಆದ್ರೆ ಮನೆ ತುಂಬಾ ಸಾಮಾನೈತೆ. ಆ ಗುಡ್ಡದ ದಾರೀಲಿ ನಿಂಗೇನಾದ್ರೂ ಆದ್ರೆ ನಾನು ಎಲ್ಲಿಂದ ತರ್ಲಿ?"

"ನಿಮಗೆ ಆದ್ರೆ ನಾನೆಲ್ಲಿಂದ ತರ್ಲಿ?"

ಉತ್ತರ ಇಲ್ಲದಾಗ ಅಪ್ಪ ಷರತ್ತು ಹಾಕುತ್ತಿದ್ದರು. ಚಕ್ರ ಬದಲಾಯಿಸಲು ಬಾರದವರು ಸ್ಟೇರಿಂಗ್ ಮುಟ್ಟಬಾರದು, ಮೊದಲು ಅದನ್ನು ಕಲಿ ಎಂದರು. ಆ ಹಳೆಯ ಜೀಪಿನ ಎಡಗಡೆ ಚಕ್ರಗಳ ನಟ್ಟುಗಳು ಉಲ್ಟಾ. ಬೇರೆ ನಟ್ಟು ಬಿಚ್ಚುವ ಕಡೆಗೆ ತಿರುಗಿಸಿದರೆ ಅವು ಬಿಗಿಯುತ್ತವೆ. ಗೊತ್ತಿಲ್ಲದವರು ಸ್ಪ್ಯಾನರಿನ ಮೇಲೆ ಹತ್ತಿ ಕುಣಿದು ಬೋಲ್ಟನ್ನೇ ಮುರಿದುಹಾಕಿದ್ದುಂಟು. ಅಮ್ಮ ಅಲ್ಲಿ ಸೋಲುತ್ತಾಳೆ ಎಂದು ಅಪ್ಪ ಎಣಿಸಿದ್ದರೋ ಏನೋ, ಬೇಕೆಂದೇ ಎಡಗಡೆಯ ಚಕ್ರವನ್ನೇ ತೋರಿಸಿದರು. ಅಮ್ಮ ಸೆರಗು ಸಿಕ್ಕಿಸಿ, ಉಲ್ಟಾ ತಿರುಗಿಸಿ, ಚಕ್ರ ಕಳಚಿ ಹಾಕಿ ಎದ್ದು ನಿಂತಳು. ಅಪ್ಪ ಚಕ್ರದ ಸುತ್ತ ಒಂದು ಸುತ್ತು ಬಂದು, ಸರಿ, ಪಂಚರ್ ಹಾಕುವುದು ಕಲಿ ಎಂದರು. ಅದೂ ಆಯಿತು. ಬೆಲ್ಟು ಹಾಕುವುದು ಕಲಿ ಎಂದರು. ಆಮೇಲೆ ಪ್ಲಗ್ಗು, ಆಮೇಲೆ ಗಾಡಿಯ ಮೂತಿಗೆ ತೂರಿಸುವ ಮುಂದಿನ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವುದು. ಹ್ಯಾಂಡಲ್ಲಿನ ಪಾಠ ಮಾಡುವಾಗ ಅಪ್ಪ ಬಹಳ ಗಂಭೀರವಾದರು. ಹೆಬ್ಬೆರಳನ್ನು ಸುತ್ತ ಹಾಕಿ ಹಿಡಿಯಬಾರದು, ಬೆರಳುಗಳ ಜೊತೆಗೇ ಒಂದೇ ಕಡೆ ಇರಬೇಕು, ಇಲ್ಲವಾದರೆ ಎಂಜಿನ್ ಹಿಂದಕ್ಕೆ ಒದ್ದಾಗ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ ಎಂದು ಅಮ್ಮನ ಬೆರಳು ಹಿಡಿದು ತೋರಿಸಿದರು. ಒಂದು ವರ್ಷ ಹೀಗೇ ಕಳೆಯಿತು. ಆ ಗಾಡಿಯಲ್ಲಿ ಅಮ್ಮ ಕೈಯಾಡಿಸದ ಜಾಗ ಉಳಿಯಲಿಲ್ಲ, ಆದರೆ ಅಪ್ಪ ಅವಳನ್ನು ರಸ್ತೆಗೆ ಮಾತ್ರ ಬಿಡಲಿಲ್ಲ. ನನಗೆ ಅಪ್ಪನ ಮೇಲೆ ಎಷ್ಟು ಪ್ರೀತಿಯೋ ಆ ಒಂದು ವರ್ಷ ಅಷ್ಟೇ ಸಿಟ್ಟು. ಅಮ್ಮನಿಗೆ ಸಿಟ್ಟು ಬರದಿದ್ದದ್ದೇ ನನಗೆ ಇನ್ನೂ ಸಿಟ್ಟು.

ಹಳೇಬೀಡಿನ ಆಚೆ, ಗುಡ್ಡದ ಮಗ್ಗುಲಿನ ಹಳ್ಳಿಯೊಂದಕ್ಕೆ ಅಪ್ಪನ ತಂಗಿಯನ್ನು ಕೊಟ್ಟಿತ್ತು. ಅತ್ತೆಯ ಮನೆಯವರು ಹೊಸ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ನಾವು ನಾಲ್ಕೂ ಜನ, ಅಪ್ಪ, ಅಮ್ಮ, ಅಜ್ಜಿ, ನಾನು, ಜೀಪಿನಲ್ಲೇ ಹೋದೆವು. ಅಪ್ಪ ತಮ್ಮ ಜೀವಮಾನವೆಲ್ಲ ಯಾವ ದಿನಕ್ಕಾಗಿ ತಯಾರಿ ಮಾಡಿಕೊಂಡಿದ್ದರೋ ಆ ದಿನ ಅವತ್ತು ಬಂತು. ಹಳೇಬೀಡು ದಾಟಿ ಗಾಡಿದಾರಿಗೆ ಇಳಿಯುತ್ತಲೇ ಜಾಲಿಮುಳ್ಳು ಹೊಕ್ಕು ಹಿಂದಿನ ಚಕ್ರ ಕೂತಿತು. ಒಂದು ಸ್ಟೆಪ್ನಿ ಹಾಕಿದರು. ಹಳ್ಳಿ ಇನ್ನೇನು ಕಾಣಿಸಬೇಕು, ಮುಂದಿನ ಚಕ್ರ ಕೂತಿತು. ಎರಡನೆಯದನ್ನೂ ಹಾಕಿದರು. ಅಪ್ಪನ ಮುಖ ನೋಡಬೇಕಿತ್ತು. ಎರಡು ಪಂಚರ್ ಆದ ಮನುಷ್ಯನ ಮುಖ ಅದಲ್ಲ, ಪರೀಕ್ಷೆಯಲ್ಲಿ ತಾನು ಓದಿದ ಪ್ರಶ್ನೆಯೇ ಬಂದವನ ಮುಖ.

"ನೋಡಿದ್ಯೇನವ್ವ? ಜೋಡಿ ಸ್ಟೆಪ್ನಿ ಅಂತ ಆಡ್ಕಂಡು ನಗ್ತಾರಲ್ಲ ನಮ್ಮೂರೋರು?"

"ನೋಡ್ದೆ ಕಣಪ್ಪ. ಮೊದ್ಲು ಹೊರಡು, ಹಾಲು ಉಕ್ಕಿಸೋದ್ರೊಳಗೆ ಹೋಗ್ಬೇಕು" ಅಂದಳು ಅಜ್ಜಿ.

ಹೋಳಿಗೆ ಊಟ ಮುಗಿಸಿ, ಕೂತಿದ್ದ ಎರಡೂ ಟ್ಯೂಬಿಗೆ ಅಮ್ಮ ಪಂಚರ್ ಹಾಕಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಿಂದಿರುಗಿದೆವು. ಗಾಡಿ ತುಂಬ ಅತ್ತೆ ಕೊಟ್ಟ ಸಿಹಿಗುಂಬಳ, ಅವರೆಕಾಯಿ. ದಾರಿಯಲ್ಲಿ ಬೆಲ್ಟು ಕಿತ್ತುಹೋಯಿತು. ಅಪ್ಪ ಸೀಟಿನ ಕೆಳಗಿನಿಂದ ಹೊಸ ಬೆಲ್ಟು ತೆಗೆದು ಹಾಕುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಒಂದು ಹಳ್ಳ. ನೀರು ಜಾಸ್ತಿ ಇರಲಿಲ್ಲ, ಆದರೆ ಕಲ್ಲಿಗೆ ಬಡಿದು ಮೇಲೆ ಚಿಮ್ಮಿ ಎಂಜಿನ್ನಿಗೆ ಬಿತ್ತು. ದಡ ಹತ್ತಿದ ಮೇಲೆ ಗಾಡಿ ನಿಂತಿತು. ಅಪ್ಪ ಪ್ಲಗ್ಗು ಬಿಚ್ಚಿ ಬೇರೆ ಹಾಕಿದರು. ಸ್ವಿಚ್ಚು ತಿರುವಿದರೆ ಬ್ಯಾಟರಿ ಸುಸ್ತಾಗಿತ್ತು. ಅದಕ್ಕೂ ಅವರ ಹತ್ತಿರ ಉಪಾಯ ಇತ್ತಲ್ಲ, ಮುಂದಿನ ಹ್ಯಾಂಡಲ್. ಅಜ್ಜಿ ಹಿಂದಿನಿಂದ, "ಬೇಗ ಮಾಡ್ಲಾ, ಹೊತ್ತು ಹೋಯ್ತದೆ" ಎಂದು ಅವಸರ ಮಾಡುತ್ತಿದ್ದಳು. ಅವಸರವೋ, ದಿನವೆಲ್ಲ ಗೆದ್ದ ಹುಮ್ಮಸ್ಸೋ, ಊರಿಗೆಲ್ಲ ಪಾಠ ಹೇಳಿದ ಅಪ್ಪ ಅವತ್ತು ಹೆಬ್ಬೆರಳನ್ನು ಸುತ್ತ ಹಾಕಿ ಹಿಡಿದರು. ಎಂಜಿನ್ ಒಂದು ಸಲ ಕೆಮ್ಮಿ ಹಿಂದಕ್ಕೆ ಒದೆಯಿತು. ಅಪ್ಪ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂಪರಿನ ಮೇಲೆ ಕೂತರು. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

ಅಮ್ಮ ಇಳಿದುಹೋಗಿ ನೋಡಿದಳು. ಸೀಟಿನ ಕೆಳಗೆ ಕೈಹಾಕಿ ಹೊಸ ರೇಡಿಯೇಟರ್ ಪೈಪು ತೆಗೆದು, ಗಾಡಿಯಲ್ಲಿದ್ದ ಮಚ್ಚಿನಲ್ಲಿ ಅದನ್ನು ಉದ್ದಕ್ಕೆ ಸೀಳಿದಳು. ನೋವಿನಲ್ಲಿ ಕಣ್ಣುಮುಚ್ಚಿದ್ದ ಅಪ್ಪ ಆ ಸದ್ದಿಗೆ ಕಣ್ಣು ಬಿಟ್ಟರು.

"ಅದು ಹೊಸದು ಕಣೇ."

"ಕೈ ಹಳೇದು. ಸುಮ್ನಿರಿ."

ಸೀಳಿದ ಪೈಪನ್ನು ಮುರಿದ ಕೈಗೆ ಮೇಲಿನಿಂದ ತೊಡಿಸಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಕಟ್ಟಿ, ತನ್ನ ಸೀರೆಯ ಅಂಚು ಹರಿದು ಕುತ್ತಿಗೆಗೆ ಜೋಲಿ ಹಾಕಿದಳು. ಅಪ್ಪ ಬೆವರುತ್ತ, ಯಾರಾದರೂ ಗಾಡಿ ಬಿಡುವವರು ಬರುತ್ತಾರೆ, ಕಾಯೋಣ ಎಂದರು. ಆ ದಾರಿಯಲ್ಲಿ ಯಾರು ಬರುತ್ತಾರೆ? ಬೆಳಗಿನಿಂದ ನಾವು ಕಂಡ ಗಾಡಿಯೆಂದರೆ ನಮ್ಮದೇ. ಅಮ್ಮ ಹ್ಯಾಂಡಲ್ ಹಿಡಿದಳು, ಹೆಬ್ಬೆರಳು ಬೆರಳುಗಳ ಜೊತೆಗೆ. ಎರಡನೆಯ ಎಳೆತಕ್ಕೆ ಎಂಜಿನ್ ಹಿಡಿದುಕೊಂಡಿತು. ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಕಾಲು ಕ್ಲಚ್ಚಿಗೆ ಸರಿಯಾಗಿ ಎಟುಕದ್ದಕ್ಕೆ ಬೆನ್ನಿಗೆ ಅವರೆಕಾಯಿಯ ಚೀಲ ಇಟ್ಟುಕೊಂಡಳು.

"ಇಳಿ ಗಿರಿಜಾ. ಅಂಗಳದಲ್ಲಿ ಹಿಂದೆಮುಂದೆ ಮಾಡ್ದಂಗಲ್ಲ ಇದು" ಅಂದರು ಅಪ್ಪ. ಅಂದರೆ ಅಂಗಳದ ವಿಷಯ ಅವರಿಗೆ ಗೊತ್ತೇ ಇತ್ತು.

"ಹತ್ತಿ. ಕೈ ಊದ್ಕತಾ ಐತೆ."

ಅಪ್ಪ ಹತ್ತಿದರು. ಕೂರುವುದಿಲ್ಲ ಎಂದವಳು ಅಜ್ಜಿ. ಪ್ರಾಣ ಕೊಡುವ ಅವಸರ ತನಗಿಲ್ಲ, ನಡೆದೇ ಬರುತ್ತೇನೆ ಎಂದು ಇಳಿದು, ಕೋಲು ಊರಿಕೊಂಡು ದಾರಿಯ ನಡುವೆ ಹೊರಟೇಬಿಟ್ಟಳು. ಹಿಂದೆ ಫಸ್ಟ್ ಗೇರಿನಲ್ಲಿ ಗುರುಗುಟ್ಟುತ್ತ ನಮ್ಮ ಜೀಪು. ಅಜ್ಜಿಯನ್ನು ದಾಟುವುದಕ್ಕೆ ದಾರಿಯಲ್ಲಿ ಜಾಗವೂ ಇರಲಿಲ್ಲ, ದಾಟುವ ಧೈರ್ಯ ಅಮ್ಮನಿಗೂ ಇರಲಿಲ್ಲ. ಹೀಗೆ ಒಂದು ಹೊಲದ ಉದ್ದ ಮೆರವಣಿಗೆ ನಡೆಯಿತು. ಕೊನೆಗೆ ಅಮ್ಮ ಗಾಡಿ ನಿಲ್ಲಿಸಿ, "ಅತ್ತೆ, ಇಷ್ಟು ಹೊತ್ತು ಹಿಂದೆ ಬಂದೆನಲ್ಲ, ಎಲ್ಲಾರ ಗುದ್ದಿದ್ನಾ?" ಅಂದಳು. ಅಜ್ಜಿ ಯೋಚಿಸಿ ನೋಡಿದಳು. ಮಂಡಿಯೂ ನೋಯುತ್ತಿತ್ತು. ಹತ್ತಿ ಕೂತು ನನ್ನ ಕೈಯನ್ನು ಹಿಡಿದುಕೊಂಡಳು, ಅದನ್ನು ಬೇಲೂರಿನ ಆಸ್ಪತ್ರೆಯವರೆಗೆ ಬಿಡಲಿಲ್ಲ.

ಟಾರು ರಸ್ತೆಗೆ ಬಂದರೂ ಜೀಪು ಸೆಕೆಂಡ್ ಗೇರಿನಲ್ಲೇ ಅರಚುತ್ತಿತ್ತು. ಅಪ್ಪನಿಗೆ ಕೈನೋವಿಗಿಂತ ಎಂಜಿನ್ನಿನ ಆ ಕೂಗೇ ತಡೆಯಲಾಗಲಿಲ್ಲ.

"ಥರ್ಡ್ ಹಾಕೇ."

"ನನಗೆ ಬರಾಕಿಲ್ಲ."

"ಯಾಕೆ ಬರಲ್ಲ?"

"ನೀವು ಕಲ್ಸಿಲ್ವಲ್ಲ."

ಅಂಗಳದಲ್ಲಿ ಮರದಿಂದ ಗೇಟಿನವರೆಗೆ ಥರ್ಡ್ ಗೇರಿಗೆ ಎಲ್ಲಿ ಜಾಗ? ನಾನು ಹಿಂದಿನ ಸೀಟಿನಿಂದ ಅಪ್ಪನ ಕಿವಿ ಕೆಂಪಾದದ್ದನ್ನು ಕಂಡೆ. ಆಮೇಲೆ ಮೆತ್ತಗಿನ ದನಿಯಲ್ಲಿ ಹೇಳಿಕೊಡತೊಡಗಿದರು. ಆಕ್ಸಿಲೇಟರ್ ಬಿಡು, ಕ್ಲಚ್ ಪೂರ್ತಿ ಒತ್ತು, ಈಗ ಗೇರು ಎಳೆ, ಜೋರು ಬೇಡ, ಅದಾಗೇ ಬೀಳುತ್ತದೆ. ಮೊದಲ ಸಲ ಕಿರ್ರೆಂದು ಹಲ್ಲು ಕಡಿಯಿತು. ಎರಡನೆಯ ಸಲ ಬಿತ್ತು. ಎಂಜಿನ್ನಿನ ಕೂಗು ಇಳಿದು ಗಾಡಿ ಹಗುರವಾಗಿ ಮುಂದಕ್ಕೆ ಸರಿದಾಗ ಅಮ್ಮನ ಬಾಯಿಂದ ಬಂದದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ದೇವಸ್ಥಾನ ನೋಡಿ ಬಸ್ಸಿಗೆ ಕಾದಿದ್ದವರೆಲ್ಲ ನಮ್ಮನ್ನು ನೋಡಿದರು. ಸೀರೆಯುಟ್ಟ ಹೆಂಗಸೊಬ್ಬಳು ಬೆನ್ನಿಗೆ ಅವರೆಕಾಯಿ ಚೀಲ ಇಟ್ಟುಕೊಂಡು ಜೀಪು ಬಿಡುವುದನ್ನು ಅವರು ಕಂಡಿರಲಾರರು. ಕಟ್ಟೆಯ ಮೇಲೆ ಕೂತ ಒಬ್ಬ ಏನೋ ಹೇಳಿ ನಕ್ಕ. ಊರು ನಗುತ್ತದೆ ಎಂದು ಹೆದರಿಸಿದ್ದ ನನ್ನ ಅಜ್ಜಿ ಪಕ್ಕದಿಂದ ತಲೆ ಹೊರಗೆ ಹಾಕಿದಳು.

"ಏನ್ಲಾ ಹಲ್ಲು ಕಿರೀತೀಯ? ನನ್ ಸೊಸೆ ಕಣ್ಲಾ ಅವಳು."

ಬೇಲೂರಿನ ಆಸ್ಪತ್ರೆಯಲ್ಲಿ ಡಾಕ್ಟರು ರೇಡಿಯೇಟರ್ ಪೈಪನ್ನು ಬಿಚ್ಚುವ ಮುಂಚೆ ಇಬ್ಬರು ನರ್ಸುಗಳನ್ನು ಕರೆದು ತೋರಿಸಿದರು. ಇದಕ್ಕಿಂತ ಚೆನ್ನಾಗಿ ನಾವೂ ಕಟ್ಟುತ್ತಿರಲಿಲ್ಲ ಎಂದರು. ಪೈಪನ್ನು ಎಸೆಯಬೇಡಿ ಎಂದು ಅಪ್ಪ ಕೇಳಿ ಇಸಕೊಂಡರು. ಸೀಳಿದ ಪೈಪು ಯಾವ ಉಪಯೋಗಕ್ಕೆಂದು ನಾವು ಯಾರೂ ಕೇಳಲಿಲ್ಲ.

ಕೈ ಪ್ಲಾಸ್ಟರಿನಲ್ಲಿ ಇದ್ದಷ್ಟು ಕಾಲ ಅಮ್ಮನೇ ಜೀಪು ಬಿಟ್ಟಳು. ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸು ಮಾಡಿಸಿ, ಮುಂದೆ ಹಿಂದೆ ಕೆಂಪು ಬಣ್ಣದ ಎಲ್ ಬರೆಸಿ, ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೊರಡುತ್ತಿದ್ದಳು. ಮೊದಮೊದಲು ಕೊಬ್ಬರಿ ವ್ಯಾಪಾರದವರು ಇವತ್ತು ಬೇಡ ಬಿಡಿ ಎನ್ನುತ್ತಿದ್ದರು. ದನದ ಡಾಕ್ಟರು ಮಾತ್ರ ಮೊದಲ ದಿನವೇ ಹಿಂದಿನ ಸೀಟಿನಲ್ಲಿ ಕೂತು ನಿದ್ದೆ ಹೋದರು. ಅದನ್ನು ಕೇಳಿ ಉಳಿದವರೂ ಬಂದರು. ಅವರೆಕಾಯಿಯ ಚೀಲ ಬೆನ್ನಿಗಿಟ್ಟುಕೊಂಡು ಎಷ್ಟು ದಿನ? ಅಮ್ಮ ಡ್ರೈವರ್ ಸೀಟನ್ನೇ ಬಿಚ್ಚಿ, ತಳಕ್ಕೆ ಹೊಸ ತೂತು ಕೊರೆಸಿ, ಒಂದು ಗೇಣು ಮುಂದಕ್ಕೆ ತಂದು ತಾನೇ ಬೋಲ್ಟು ಹಾಕಿದಳು. ಅಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಆ ವಾರಗಳಲ್ಲಿ ಅಮ್ಮ ಊಟಕ್ಕೆ ಕೂತಾಗಲೂ ಅವಳ ಎಡಗಾಲು ಚಾಪೆಯ ಮೇಲೆ ಕ್ಲಚ್ಚು ಒತ್ತುತ್ತಿತ್ತು. ಸಾಯಂಕಾಲ ಧೂಳು ತುಂಬಿದ ಮುಖ ತೊಳೆಯದೆ, ಇವತ್ತು ಯಾವ ಏರು ಹತ್ತಿಸಿದೆ, ಯಾವ ಇಳಿಜಾರಿನಲ್ಲಿ ಅಪ್ಪ 'ಅಯ್ಯೋ' ಎಂದರು ಎಂದು ಹೇಳುತ್ತಿದ್ದಳು. ಅಷ್ಟು ಸಂತೋಷವಾಗಿ ನಾನು ಅವಳನ್ನು ನೋಡಿರಲಿಲ್ಲ. ಪ್ಲಾಸ್ಟರು ಬಿಚ್ಚುವ ದಿನ ಹತ್ತಿರ ಬಂದಂತೆ ಅವಳ ಮಾತು ಕಡಿಮೆಯಾಯಿತು. ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ದನದ ಡಾಕ್ಟರನ್ನು ಬಾಣಾವರದ ಕಡೆ ಕರೆದುಕೊಂಡು ಹೋಗಬೇಕಿತ್ತು. ಅಪ್ಪ ಬೇಗ ಎದ್ದು ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಖಾಕಿ ಶರಟು ಹಾಕಿದರು. ಬಲಗೈಯಲ್ಲಿ ತುಂಬಿದ ನೀರಿನ ಕೊಡ ಎತ್ತಿ ಇಳಿಸಿ ನೋಡಿದರು. ಕೈ ಸರಿಯಾಗಿತ್ತು. ಮೊಳೆಯಿಂದ ಬೀಗದಕೈ ತೆಗೆದುಕೊಂಡು ಹೋಗಿ ಡ್ರೈವರ್ ಸೀಟಿಗೆ ಹತ್ತಿದರು. ಹೊಸಿಲ ಮೇಲಿದ್ದ ಅಮ್ಮ ಒಂದು ಗಳಿಗೆ ನೋಡಿ ಒಳಗೆ ಹೋಗಿ, ಬೆಳಗಿ ಇಟ್ಟಿದ್ದ ತಪ್ಪಲೆಯನ್ನು ಮತ್ತೆ ಬೆಳಗಲು ಕೂತಳು. "ಅವನ ಗಾಡಿ, ಅವನು ಹತ್ತಿದ, ಬಿಡೇ" ಅಂದಳು ಅಜ್ಜಿ. ಅವಳ ದನಿಯಲ್ಲೂ ಜೀವ ಇರಲಿಲ್ಲ.

ಅಪ್ಪನ ಮಂಡಿಗಳು ಸ್ಟೇರಿಂಗಿಗೆ ಬಡಿದವು. ಮುಂದಕ್ಕೆ ತಂದಿದ್ದ ಸೀಟಿನಲ್ಲಿ ಅವರ ಉದ್ದನೆಯ ಕಾಲು ಹಿಡಿಸಲಿಲ್ಲ. ಎಡಕ್ಕೆ ಬಲಕ್ಕೆ ಮಿಸುಕಿ ನೋಡಿ ಕೆಳಗಿಳಿದರು. ನನ್ನನ್ನು ಕೂಗಿ ಸ್ಪ್ಯಾನರ್ ತರಲು ಹೇಳಿದರು. ಸಿಟ್ಟಿನಿಂದ ತಂದು ಅವರ ಕಾಲ ಬಳಿ ಧೊಪ್ಪೆಂದು ಎಸೆದೆ. ಅವರು ಅದನ್ನು ಗಮನಿಸಲೇ ಇಲ್ಲ. ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದರು. ನಟ್ಟು ತಿರುಗುವ ಸದ್ದು ಒಳಗೆ ಅಡುಗೆಮನೆಗೂ ಕೇಳಿಸುತ್ತಿತ್ತು. ತಪ್ಪಲೆ ಬೆಳಗುವ ಸದ್ದು ನಿಂತಿತು.

"ಗಿರಿಜಾ, ಬಾ ಇಲ್ಲಿ."

ಅಮ್ಮ ಬಾಗಿಲಿಗೆ ಬಂದಳು.

"ಈ ಸೀಟಿಗೆ ವಾಷರ್ ಹಾಕಿಲ್ಲ ನೀನು. ಹಳ್ಳದಲ್ಲಿ ಕುಲುಕಿದ್ರೆ ಬಿಚ್ಕತದೆ."

ಜೇಬಿನಿಂದ ವಾಷರ್ ತೆಗೆದು ಒಂದೊಂದು ಬೋಲ್ಟಿಗೂ ಹಾಕಿ, ಸೀಟು ಎಲ್ಲಿತ್ತೋ ಅಲ್ಲೇ, ಹಲ್ಲು ಕಚ್ಚಿ ಬಿಗಿದರು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು, ಮಿಸುಕಲಿಲ್ಲ. ಎದ್ದು ಖಾಕಿ ಶರಟಿಗೇ ಕೈ ಒರೆಸಿಕೊಂಡು, ಬಾನೆಟ್ಟಿನ ಸುತ್ತ ಬಳಸಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು.

"ಡಾಕ್ಟ್ರು ಕಾಯ್ತಿರ್ತಾರೆ. ಬಂದು ಕೂತ್ಕೋ."